ಮೋಟಾರು ಸೈಕಲ್ಲೂ ನಾವೂ

ವೇಗವು ಈ ಕಾಲದ ದೊಡ್ಡ ವರ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಂಥ ಬಯಲುಸೀಮೆಯಲ್ಲಿ, ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವ ಹಳ್ಳಿಗಳಲ್ಲಿ, ಮೋಟಾರು ಸೈಕಲ್ಲು ನಮಗೆ ಮಾಡಿರುವ ಉಪಕಾರ ಸಣ್ಣದಲ್ಲ. ಹಟ್ಟಿಯ ಹುಡುಗ ಕಾಲೇಜಿಗೆ ಬರುವುದಕ್ಕೂ, ನೇಕಾರ ರೇಷ್ಮೆ ಸೀರೆಯ ಗಂಟನ್ನು ಪೇಟೆಗೆ ಮುಟ್ಟಿಸುವುದಕ್ಕೂ, ನಡುರಾತ್ರಿಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಸೇರಿಸುವುದಕ್ಕೂ ಅದೇ ದಿಕ್ಕು. ಆದುದರಿಂದ ನಾನು ಇಲ್ಲಿ ಬರೆಯುತ್ತಿರುವುದು ಅದರ ನಿಂದೆಯನ್ನಲ್ಲ. ಅದನ್ನು ನಡೆಸುವ ನಮ್ಮ ರೀತಿಯನ್ನು ಕುರಿತು ನಾಲ್ಕು ಮಾತುಗಳನ್ನು ಮಾತ್ರ.

2022ರಲ್ಲಿ ನಮ್ಮ ದೇಶದ ರಸ್ತೆಗಳ ಮೇಲೆ 1,68,491 ಮಂದಿ ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರ ಸಂಖ್ಯೆಯೇ 50,029. ಅವರಲ್ಲಿ 14,337 ಮಂದಿ ಹಿಂದೆ ಕುಳಿತಿದ್ದವರು. ನಂಬಿ ಹಿಂದೆ ಕುಳಿತ ತಾಯಿ, ತಂಗಿ, ಗೆಳೆಯ ಇವರೆಲ್ಲ ಈ ಕೊನೆಯ ಲೆಕ್ಕದಲ್ಲಿ ಸೇರಿದ್ದಾರೆ ಎಂಬುದನ್ನು ನಾವು ಮರೆಯಬಾರದು.

"ಅದೆಲ್ಲ ಬೆಂಗಳೂರಿನ ಮಾತು, ನಮ್ಮ ರಸ್ತೆ ನೆಟ್ಟಗಿದೆ, ಬರಿದಾಗಿದೆ" ಎಂದು ಮಿತ್ರರು ವಾದಿಸುವುದುಂಟು. ನನ್ನ ಅಭಿಪ್ರಾಯದಲ್ಲಿ ಅಪಾಯವಿರುವುದು ಆ ನೆಟ್ಟಗಿರುವುದರಲ್ಲಿಯೇ. ಚಳ್ಳಕೆರೆಯಿಂದ ತಳುಕು, ಹಿರೇಹಳ್ಳಿಯನ್ನು ದಾಟಿ ಬಳ್ಳಾರಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕೈ ತಾನಾಗಿಯೇ ವೇಗವನ್ನು ಏರಿಸುತ್ತದೆ. ಅಷ್ಟರಲ್ಲಿ ಕುರಿಮಂದೆಯೊಂದು ರಸ್ತೆಗೆ ಇಳಿಯುತ್ತದೆ. ಮುಂದಿನ ಕುರಿ ದಾಟಿತೆಂದರೆ ಹಿಂದಿನ ನೂರು ಕುರಿಗಳೂ ದಾಟಿಯೇ ತೀರುತ್ತವೆ. ಸಂಜೆಯ ಮಬ್ಬಿನಲ್ಲಿ ಶೇಂಗಾ ಹೊಟ್ಟು ತುಂಬಿದ ಟ್ರಾಕ್ಟರು ಹಿಂದಿನ ದೀಪವಿಲ್ಲದೆ ಗೋಡೆಯಂತೆ ಎದುರಾಗುತ್ತದೆ. ಸುಗ್ಗಿ ಬಂತೆಂದರೆ ಒಳರಸ್ತೆಗಳ ಟಾರಿನ ಮೇಲೆ ರಾಗಿ, ಹುರುಳಿ, ತೊಗರಿಯ ಒಕ್ಕಣೆ. ಹುಲ್ಲಿನ ಮೇಲೆ ಬ್ರೇಕು ಹಿಡಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ಅಂಚಿಗೆ ಇಟ್ಟ ಕಲ್ಲುಗಳನ್ನು ರಾತ್ರಿ ತೆಗೆಯದೆ ಹೋದರಂತೂ ಹೇಳುವುದೇ ಬೇಡ.

ನಾವು ಕಲಾ ವಿಭಾಗದವರಾದರೂ ಒಂದು ಸಣ್ಣ ಲೆಕ್ಕವನ್ನು ಮಾಡಬಲ್ಲೆವು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವವನು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಸಾಗುತ್ತಾನೆ. ಕಣ್ಣು ಕಂಡು, ಮನಸ್ಸು ತಿಳಿದು, ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಆ ಒಂದು ಸೆಕೆಂಡು ಕಳೆದಿರುತ್ತದೆ. ವೇಗ 40ರಿಂದ 80ಕ್ಕೆ ಏರಿದರೆ ಪೆಟ್ಟಿನ ಬಲ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಇಷ್ಟರಿಂದ ಗಳಿಸುವ ಲಾಭವೇನು? 30 ಕಿಲೋಮೀಟರಿನ ದಾರಿಯನ್ನು 60ರ ಬದಲು 80ರಲ್ಲಿ ಹೋದರೆ ಉಳಿಯುವುದು ಏಳೂವರೆ ನಿಮಿಷ. ಆ ಏಳೂವರೆ ನಿಮಿಷವನ್ನು ನಾವು ಚಹದಂಗಡಿಯಲ್ಲಿ ಕಳೆಯುತ್ತೇವೆ!

ಇನ್ನು ಹೆಲ್ಮೆಟ್ಟಿನ ವಿಷಯ. 'ಅರೇಬಿಯಾದ ಲಾರೆನ್ಸ್' ಎಂದು ಪ್ರಸಿದ್ಧನಾದ ಆಂಗ್ಲ ಯೋಧ 1935ರಲ್ಲಿ ಇಂಗ್ಲೆಂಡಿನ ಹಳ್ಳಿಯ ರಸ್ತೆಯಲ್ಲಿ, ಸೈಕಲ್ಲಿನ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಮೋಟಾರು ಸೈಕಲ್ಲಿನಿಂದ ಬಿದ್ದು, ತಲೆಗೆ ಪೆಟ್ಟಾಗಿ ಆರು ದಿನಗಳ ಮೇಲೆ ಸತ್ತನು. ಮರುಭೂಮಿಯ ಯುದ್ಧದಲ್ಲಿ ಬದುಕಿ ಬಂದವನನ್ನು ಒಂದು ಟೊಪ್ಪಿಗೆಯ ಕೊರತೆ ಕೊಂದಿತು. ಅವನನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್ ಮುಂದೆ ಈ ವಿಷಯವನ್ನು ಅಭ್ಯಾಸ ಮಾಡಿ 1941ರಲ್ಲಿ ಲೇಖನ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೈನ್ಯವು ತನ್ನ ಸವಾರರಿಗೆಲ್ಲ ಹೆಲ್ಮೆಟ್ಟನ್ನು ಕಡ್ಡಾಯಮಾಡಿತು. ನಮ್ಮ ರಾಜ್ಯದಲ್ಲಿ 2016ರಿಂದ ಹಿಂದೆ ಕುಳಿತವರಿಗೂ ಅದು ಕಡ್ಡಾಯವಾಗಿದೆ. ಆದರೆ ನಮ್ಮಲ್ಲಿ ಹೆಲ್ಮೆಟ್ಟು ಪೆಟ್ರೋಲಿನ ಟ್ಯಾಂಕಿನ ಮೇಲೆಯೋ ಮೊಣಕೈಯಲ್ಲೋ ಪ್ರಯಾಣ ಮಾಡುತ್ತದೆ. ದೂರದಲ್ಲಿ ಪೋಲೀಸರು ಕಂಡಾಗ ಮಾತ್ರ ತಲೆಗೆ ಏರುತ್ತದೆ. ದಂಡ ಪೋಲೀಸರಿಗೆ ಕೊಡುವಂಥದು, ತಲೆ ನಮ್ಮದು. ಈ ಎರಡರಲ್ಲಿ ಯಾವುದಕ್ಕೆ ಹೆಚ್ಚು ಅಂಜಬೇಕೆಂಬುದನ್ನು ವಿದ್ಯಾವಂತರಿಗೆ ಹೇಳಬೇಕೆ?

ತಪ್ಪೆಲ್ಲ ಸವಾರನದೇ ಎಂದು ನಾನು ಹೇಳುವುದಿಲ್ಲ. ಹಾಗೆಯೇ ರಸ್ತೆಯಲ್ಲಿ ಒಕ್ಕುವ ರೈತನನ್ನು ಬಯ್ದು ಸುಮ್ಮನಾಗುವುದೂ ನ್ಯಾಯವಲ್ಲ. ಆ ರೈತ ನಮ್ಮಲ್ಲಿ ಅನೇಕರ ತಂದೆಯೇ. ಕಣ ಮಾಡುವ ಜಾಗವೂ ಇಲ್ಲ, ಕಲ್ಲುಗುಂಡು ಎಳೆಯುವ ಎತ್ತುಗಳೂ ಇಲ್ಲ. ರಸ್ತೆ ಬಿಟ್ಟರೆ ಅವನಿಗೆ ಬೇರೆ ಗತಿಯೇನು? ಊರಿಗೊಂದು ಸಾಮೂಹಿಕ ಕಣ ಬೇಕೆಂದು ಗ್ರಾಮ ಪಂಚಾಯಿತಿಯ ಮುಂದೆ ಅರ್ಜಿ ಬರೆಯಬಲ್ಲವರು ನಾವು. ಅಪ್ಪನ ಟ್ರೇಲರಿನ ಹಿಂದೆ ಕೆಂಪು ಪಟ್ಟಿಯನ್ನು ಅಂಟಿಸಬಲ್ಲವರೂ ನಾವು. ಇದಕ್ಕೆ ಸರ್ಕಾರದ ಆಜ್ಞೆಗಾಗಿ ಕಾಯಬೇಕಾಗಿಲ್ಲ.

ಎಲ್ಲಕ್ಕಿಂತ ಮೊದಲು ಒಂದು ತಪ್ಪು ಭಾವನೆ ನಮ್ಮಿಂದ ತೊಲಗಬೇಕು. ನಿಧಾನವಾಗಿ ಹೋಗುವವನು ಹೇಡಿ, ಮೂವರನ್ನು ಕೂರಿಸಿಕೊಂಡು ಹಾರಿಸುವವನು ಗಂಡುಗಲಿ ಎಂಬ ಭಾವನೆ ಅದು. ಮಳೆಯನ್ನೇ ನಂಬಿದ ಈ ಸೀಮೆಯಲ್ಲಿ ಎರಡು ಬೆಳೆಯ ಹಣ ಕೂಡಿಸಿಯೋ, ಸಾಲ ಮಾಡಿಯೋ ತಂದೆ ಮಗನಿಗೆ ಗಾಡಿ ಕೊಡಿಸುತ್ತಾನೆ. ಆ ಸಾಲ ತೀರುವ ಮೊದಲೇ ಮಗ ಹೋದರೆ, ಉಳಿದವರು ಕಂತನ್ನೂ ಕಟ್ಟಬೇಕು, ಕಣ್ಣೀರನ್ನೂ ಒರೆಸಿಕೊಳ್ಳಬೇಕು. ಇದರಲ್ಲಿ ಗಂಡಸುತನ ಎಲ್ಲಿದೆಯೋ ನನಗೆ ಕಾಣದು.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವಿದೆ, 1892ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂದು ಹೇಳಿ, ಈ ಹಳೆಯ ನಡತೆಯೇ ದೀರ್ಘಾಯುಸ್ಸಿಗೆ ಕಾರಣವೆಂದು ಆ ಕಲ್ಲು ಸಾರುತ್ತದೆ. ಮೋಟಾರು ಸೈಕಲ್ಲನ್ನು ಕಾಣದ ದೊರೆ ಹೇಳಿದ ಮಾತು ಸವಾರನಿಗೂ ಸಲ್ಲುತ್ತದೆ. ಅಧ್ಯಾಪಕರು ಹೆಲ್ಮೆಟ್ ಧರಿಸಿ ಬಂದರೆ ವಿದ್ಯಾರ್ಥಿಗಳು ಅನುಸರಿಸುತ್ತಾರೆ. ವಿದ್ಯಾರ್ಥಿಗಳು ಧರಿಸಿದರೆ ಹಳ್ಳಿ ಅನುಸರಿಸುತ್ತದೆ. ಈ ಸಂಚಿಕೆಯನ್ನು ಓದುತ್ತಿರುವ ಮಿತ್ರರೆಲ್ಲರೂ ಮುಂದಿನ ವರ್ಷದ ಸಂಚಿಕೆಯನ್ನೂ ಓದುವಂತಾಗಲಿ ಎಂಬುದೇ ನನ್ನ ಬಯಕೆ.