ತಂತ್ರಜ್ಞಾನದ ಚುಕ್ಕಾಣಿ ಹಿಡಿದ ಮಹಿಳೆಯರು

ಬೆಂಗಳೂರಿನ ಮಲ್ಲೇಶ್ವರಂ ಬಡಾವಣೆಯ ಉತ್ತರದ ಅಂಚಿನಲ್ಲಿ, ಹೆಮ್ಮರಗಳ ನೆರಳಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಿದೆ. 1909ರಲ್ಲಿ ಸ್ಥಾಪನೆಯಾದ ಈ ವಿದ್ಯಾಕೇಂದ್ರವನ್ನು ಊರಿನ ಹಿರಿಯರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುತ್ತಾರೆ. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಪ್ರವೇಶ ಕೋರಿ ಅಲ್ಲಿಗೆ ಬಂದಾಗ, ಹೆಣ್ಣೆಂಬ ಕಾರಣದಿಂದ ಆಕೆಯನ್ನು ಸೇರಿಸಿಕೊಳ್ಳಲು ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಒಪ್ಪಲಿಲ್ಲ. ಆಕೆ ಪಟ್ಟು ಸಡಿಲಿಸಲಿಲ್ಲ. ಕೊನೆಗೆ ಒಂದು ವರ್ಷದ ಪರೀಕ್ಷಾವಧಿಯ ನಿಬಂಧನೆಯೊಡನೆ ಪ್ರವೇಶ ದೊರೆಯಿತು. ಆ ಒಂದು ವರ್ಷದ ಶ್ರದ್ಧೆಯೇ ರಾಮನ್ನರ ಅಭಿಪ್ರಾಯವನ್ನು ಬದಲಿಸಿತು. ಮುಂದೆ ಆಕೆ ಕಮಲಾ ಸೊಹೋನಿ ಎಂಬ ಹೆಸರಿನಿಂದ ಜೀವರಸಾಯನ ವಿಜ್ಞಾನಿಯಾಗಿ ಪ್ರಸಿದ್ಧರಾದರು.

ಹತ್ತು ವರ್ಷಗಳ ಬಳಿಕ, 1943ರಲ್ಲಿ, ಅದೇ ಸಂಸ್ಥೆಗೆ ಕರ್ನಾಟಕದವರೇ ಆದ ರಾಜೇಶ್ವರಿ ಸೇರಿದರು. ವಿದ್ಯಾರ್ಥಿವೇತನ ಪಡೆದು ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದರು. ಡಾಕ್ಟರೇಟ್ ಗಳಿಸಿ 1953ರಲ್ಲಿ ಮರಳಿ ಬಂದರು. ಮೈಕ್ರೋವೇವ್ ಸಂಶೋಧನೆಯಲ್ಲಿ ತೊಡಗಿ, ಇಪ್ಪತ್ತು ಮಂದಿ ಸಂಶೋಧಕರಿಗೆ ಮಾರ್ಗದರ್ಶನ ನೀಡಿ, ವಿದ್ಯುತ್ ಸಂಪರ್ಕ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥೆಯೂ ಆದರು. ಅವರೇ ರಾಜೇಶ್ವರಿ ಚಟರ್ಜಿ.

ಈ ಎರಡು ನಿದರ್ಶನಗಳ ನಡುವಿನ ವ್ಯತ್ಯಾಸವನ್ನು ಗಮನಿಸಬೇಕು. ವಿದ್ಯೆಯ ಬಾಗಿಲು ತೆರೆಯುವುದು ಒಂದು ಹೆಜ್ಜೆ. ನಿರ್ಣಯದ ಅಧಿಕಾರ ದೊರೆಯುವುದು ಇನ್ನೊಂದು ಹೆಜ್ಜೆ. ಯಾವ ಸಂಶೋಧನೆ ನಡೆಯಬೇಕು, ಹಣವನ್ನು ಯಾವುದಕ್ಕೆ ವೆಚ್ಚಮಾಡಬೇಕು, ಯಾರಿಗೆ ಕೆಲಸ ಕೊಡಬೇಕು ಎಂಬುದನ್ನು ತೀರ್ಮಾನಿಸುವವರಲ್ಲಿ ಮಹಿಳೆಯರೂ ಇದ್ದಾಗ ಮಾತ್ರ ಅವರ ವಿದ್ಯೆ ಸಮಾಜಕ್ಕೆ ಪೂರ್ಣವಾಗಿ ಫಲಿಸುತ್ತದೆ.

ಬೆಂಗಳೂರಿನ ಕಿರಣ್ ಮಜುಂದಾರ್ ಆಸ್ಟ್ರೇಲಿಯದಲ್ಲಿ ಹುದುಗುವಿಕೆಯ ತಂತ್ರವನ್ನು ಕಲಿತು ಬಂದಾಗ, ಹೆಣ್ಣುಮಗಳೆಂಬ ಕಾರಣಕ್ಕೆ ಅವರಿಗೆ ತಕ್ಕ ಉದ್ಯೋಗ ದೊರೆಯಲಿಲ್ಲ. 1978ರಲ್ಲಿ ಬಾಡಿಗೆ ಮನೆಯೊಂದರ ಮೋಟಾರು ಕೊಟ್ಟಿಗೆಯಲ್ಲಿ, ಹತ್ತು ಸಾವಿರ ರೂಪಾಯಿ ಮೂಲಧನದಿಂದ ಅವರು ‘ಬಯೋಕಾನ್’ ಸಂಸ್ಥೆಯನ್ನು ಆರಂಭಿಸಿದರು. ಸಾಲ ಕೊಡಲು ಬ್ಯಾಂಕುಗಳು ಹಿಂಜರಿದವು. ಪರಂಗಿ ಕಾಯಿಯ ಹಾಲಿನಿಂದ ಪಪೇನ್ ಎಂಬ ಕಿಣ್ವವನ್ನು ತೆಗೆಯುವುದರೊಂದಿಗೆ ಮೊದಲಾದ ಆ ಉದ್ಯಮ, ಮುಂದೆ ಮಧುಮೇಹಿಗಳಿಗೆ ಇನ್ಸುಲಿನ್ ತಯಾರಿಸುವಷ್ಟು ಬೆಳೆಯಿತು. ಉದ್ಯೋಗ ಕೇಳಿಕೊಂಡು ಅಲೆದವರು ಸಹಸ್ರಾರು ಜನರಿಗೆ ಉದ್ಯೋಗದಾತರಾದರು.

ಮೇಲ್ವಿಚಾರಣೆಯ ಹೊಣೆಗಾರಿಕೆಗೂ ಇಂಥದೇ ನಿದರ್ಶನವುಂಟು. 2011ರ ಜುಲೈ 15ರಂದು ಶ್ರೀಹರಿಕೋಟೆಯಿಂದ ಜಿಸ್ಯಾಟ್-12 ಎಂಬ ಸಂಪರ್ಕ ಉಪಗ್ರಹವು ಮೇಲೇರಿತು. ಅದನ್ನು ಸುಮಾರು 36,000 ಕಿಲೋಮೀಟರ್ ಎತ್ತರದ ಕಕ್ಷೆಗೆ ಏರಿಸುವ ಆದೇಶಗಳು ನಮ್ಮ ಹಾಸನದ ನಿಯಂತ್ರಣ ಕೇಂದ್ರದಿಂದ ಹೊರಟವು. ಯೋಜನೆಯ ನಿರ್ದೇಶಕಿ ಬೆಂಗಳೂರಿನ ಟಿ. ಕೆ. ಅನುರಾಧಾ, ಅವರೊಡನೆ ಪ್ರಮೋದಾ ಹೆಗ್ಡೆ ಮತ್ತು ಅನುರಾಧಾ ಪ್ರಕಾಶಂ ಮುಖ್ಯ ಹೊಣೆ ಹೊತ್ತಿದ್ದರು. ಒಂದು ಆದೇಶ ತಪ್ಪಿದರೆ ನೂರಾರು ಜನರ ವರ್ಷಗಳ ಪರಿಶ್ರಮ ವ್ಯರ್ಥವಾಗುವಂಥ ಕಾರ್ಯವದು.

ಆದರೂ ಆಕ್ಷೇಪಿಸುವವರಿದ್ದಾರೆ. ಹೆಣ್ಣುಮಕ್ಕಳು ವಿವಾಹವಾದ ಮೇಲೆ, ಮಕ್ಕಳಾದ ಮೇಲೆ ಕೆಲಸವನ್ನು ನಡುವೆಯೇ ಬಿಡುತ್ತಾರೆ. ಅವರಿಗೆ ದೊಡ್ಡ ಹೊಣೆಯನ್ನು ವಹಿಸುವುದು ಹೇಗೆ ಎಂಬುದು ಅವರ ಪ್ರಶ್ನೆ. ಅನೇಕರು ನಡುವೆ ಬಿಡುವುದು ನಿಜವೇ. ಆದರೆ ಅದಕ್ಕೆ ಕಾರಣ ಸಾಮರ್ಥ್ಯದ ಕೊರತೆಯಲ್ಲ. ಕಚೇರಿಯಲ್ಲಿ ಇಡೀ ದಿನ ದುಡಿದು ಬಂದವಳೇ ಒಲೆಯ ಮುಂದೆಯೂ ನಿಲ್ಲಬೇಕು, ಮಗುವಿನ ಜ್ವರಕ್ಕೆ ಅವಳೇ ರಜೆ ಹಾಕಬೇಕು ಎಂಬ ರೂಢಿಯೇ ಅದಕ್ಕೆ ಮುಖ್ಯ ಕಾರಣ. ಇಬ್ಬರ ಹೊರೆಯನ್ನು ಒಬ್ಬಳ ತಲೆಯ ಮೇಲೆ ಹೊರಿಸಿ, ಆಕೆ ಹಿಂದುಳಿದಳೆಂದು ದೂರುವುದು ನ್ಯಾಯವಲ್ಲ.

ಕಾನೂನು ತನ್ನ ಪಾಲಿನ ಕೆಲಸವನ್ನು ಮಾಡಿದೆ. 2013ರ ಕಂಪನಿ ಕಾಯಿದೆ, ಷೇರುಪೇಟೆಯಲ್ಲಿರುವ ಕಂಪನಿಗಳ ಆಡಳಿತ ಮಂಡಲಿಯಲ್ಲಿ ಒಬ್ಬ ಮಹಿಳೆಯಾದರೂ ಇರಬೇಕೆಂದು ವಿಧಿಸಿತು. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಐವತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಗೃಹವಿರಬೇಕೆಂದಿತು. ಆದರೆ ಕಾನೂನು ಮನೆಯೊಳಗೆ ಬಂದು ಪಾತ್ರೆ ತೊಳೆಯಲಾರದು. ಅದು ಮನೆಯವರೆಲ್ಲರ ಕರ್ತವ್ಯ.

ವಿಜ್ಞಾನ ಸಂಸ್ಥೆಯ ನೆರೆಯಲ್ಲೇ 1972ರಿಂದ ಮಹಾರಾಣಿ ಲಕ್ಷ್ಮಿ ಅಮ್ಮಣ್ಣಿ ಮಹಿಳಾ ಕಾಲೇಜು ನಡೆಯುತ್ತಿದೆ. ಸಂಜೆ ಅಲ್ಲಿಂದ ಪುಸ್ತಕ ಹಿಡಿದು ಹೊರಬರುವ ವಿದ್ಯಾರ್ಥಿನಿಯರಿಗೆ ಇಂದು ಯಾರೂ ಪರೀಕ್ಷಾವಧಿಯ ನಿಬಂಧನೆ ಹಾಕುವುದಿಲ್ಲ. ಕಮಲಾ ಅವರ ಕಾಲದಿಂದ ನಾವು ಬಹುದೂರ ಬಂದಿದ್ದೇವೆ. ಆದರೆ ಹತ್ತು ವರ್ಷಗಳ ನಂತರ ಅವರಲ್ಲಿ ಎಷ್ಟು ಮಂದಿ ಚುಕ್ಕಾಣಿಯ ಬಳಿ ಉಳಿದಿರುತ್ತಾರೆ ಎಂಬುದು ಅವರ ಪ್ರತಿಭೆಯೊಂದನ್ನೇ ಅವಲಂಬಿಸಿಲ್ಲ. ಇಂದು ಅವರ ಸೋದರರು ಮನೆಯಲ್ಲಿ ಯಾವ ಕೆಲಸವನ್ನು ತಮ್ಮದೆಂದು ಕಲಿಯುತ್ತಿದ್ದಾರೆ ಎಂಬುದನ್ನೂ ಅವಲಂಬಿಸಿದೆ.