ಕರೆಂಟು ಊರಿಗೆಲ್ಲ, ಧೂಳು ಪಂಚಾಯ್ತಿಗೆ!

ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಕನಕಪುರದಿಂದ ಸಂಗಮದ ಕಡೆ ಹೋಗೋ ರಸ್ತೆಯ ಟೀ ಅಂಗಡಿಯಲ್ಲಿ ಮತ್ತದೇ ಮೇಕೆದಾಟು ಮಾತು. ಡ್ಯಾಂ ಬಂದ್ರೆ ಜಮೀನಿಗೆ ರೇಟು, ಹೋಟ್ಲು, ಲಾಡ್ಜು, ಹುಡುಗರಿಗೆ ಕೆಲಸ... ಕೇಳೋವಷ್ಟು ಕೇಳಿ ನಾನೊಂದು ಪ್ರಶ್ನೆ ಹಾಕಿದೆ. "ಅಣ್ಣ, ಕಟ್ಟೋಕೆ ಸಾವಿರಾರು ಜನ ಬರ್ತಾರಲ್ಲ, ಅವರಿಗೆ ಕುಡಿಯೋ ನೀರು ಯಾರು ಕೊಡ್ತಾರೆ?"

"ಪಂಚಾಯ್ತಿ ಇಲ್ವೇನಪ್ಪ?"

ಇದೆ ಸ್ವಾಮಿ. ಒಬ್ಬ ಪಿಡಿಒ, ಒಬ್ಬ ಬಿಲ್ ಕಲೆಕ್ಟರ್, ಒಂದಿಬ್ಬರು ನೀರುಗಂಟಿಗಳು. ಬೀದಿದೀಪ, ಬೋರ್‌ವೆಲ್ ಪಂಪಿನ ಕರೆಂಟ್ ಬಿಲ್ಲಿಗೇ ಪರದಾಡೋ ಪಂಚಾಯ್ತಿ. ಅದರ ತಲೆ ಮೇಲೆ 67 ಟಿಎಂಸಿ ನೀರು, 400 ಮೆಗಾವ್ಯಾಟ್ ವಿದ್ಯುತ್ತಿನ ಯೋಜನೆ ಕೂರಿಸೋ ಮಾತಾಡ್ತಿದ್ದೀವಿ! (ಡ್ಯಾಂ ಬೇಕೋ ಬೇಡವೋ ಅನ್ನೋದು ಬೇರೆ ಜಗಳ, ಇವತ್ತು ಅದಕ್ಕೆ ಕೈ ಹಾಕಲ್ಲ.)

ಪಾವಗಡ ನೋಡಿ. ಐದು ಹಳ್ಳಿ, 13,000 ಎಕರೆ, 2,050 ಮೆಗಾವ್ಯಾಟ್ ಸೋಲಾರ್. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ ಬಂತು, ಒಳ್ಳೇದೇ ಆಯ್ತು. ಜಮೀನಿಲ್ಲದೆ ಕೂಲಿ ನಂಬಿದ್ದವರಿಗೆ ಹೊಲದ ಕೆಲಸ ಹೋಯ್ತು. ಅವರು ಬಂದು ಕದ ತಟ್ಟೋದು ಯಾರದ್ದು? ಪಂಚಾಯ್ತಿಯದ್ದೇ. ತಮಾಷೆ ಏನು ಗೊತ್ತಾ? ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯ್ತಿಗಳಿಗೆ ಕೊಡಬಹುದು ಅಂತ ಪಟ್ಟಿ ಮಾಡಿರೋ 29 ವಿಷಯಗಳಲ್ಲಿ ಅಸಾಂಪ್ರದಾಯಿಕ ಇಂಧನವೂ ಒಂದು. ಪಟ್ಟಿಯಲ್ಲಿದೆ, ಅಷ್ಟೇ :)

ಹಾಗಂತ ದಾರಿ ಇಲ್ಲ ಅಂತಲ್ಲ. ಗಣಿ ಇರೋ ಕಡೆ 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ, ಗಣಿ ಮಾಲೀಕರು ಕಟ್ಟಲೇಬೇಕು. ಜಲವಿದ್ಯುತ್ತಿಗೆ ಕೇಂದ್ರದ 2008ರ ನೀತಿಯೇ ಇದೆ. ಯೋಜನೆಯ ವಿದ್ಯುತ್ತಿನಲ್ಲಿ ನೂರಕ್ಕೆ ಒಂದು ಪಾಲನ್ನು ಸ್ಥಳೀಯ ಅಭಿವೃದ್ಧಿ ನಿಧಿಗೆ ಪುಕ್ಕಟೆ ಕೊಡಬೇಕು ಅನ್ನುತ್ತೆ. ಚೆನ್ನಾಗಿದೆ. ಆದ್ರೆ ಆ ಒಂದು ಪಾಲು ಬರೋದು ಟರ್ಬೈನ್ ತಿರುಗಿದ ಮೇಲೆ! ಲಾರಿ, ಶೆಡ್ಡು, ಕೂಲಿ ಜನ, ಅವರ ಮಕ್ಕಳು, ಕಕ್ಕಸು, ಕಸ, ಕಿತ್ತುಹೋದ ರಸ್ತೆ ಎಲ್ಲಾ ಬರೋದು ಅದಕ್ಕೆ ಎಷ್ಟೋ ವರ್ಷ ಮುಂಚೆ. ನಮ್ಮ ಆಫೀಸಿನಲ್ಲಿ ಒಂದು ವೆಬ್‌ಸೈಟಿಗೆ ಹತ್ತು ಪಟ್ಟು ಜನ ಬರ್ತಾರೆ ಅಂದ್ರೆ ಮೊದಲೇ ಸರ್ವರ್ ಹೆಚ್ಚಿಸ್ತೀವಿ. ಎಲ್ಲಾ ಬಿದ್ದು ಹೋದ ಮೇಲೆ ದುಡ್ಡು ಮಂಜೂರು ಮಾಡೋ ಮ್ಯಾನೇಜರನ್ನ ಯಾರೂ ಇಟ್ಕೊಳ್ಳಲ್ಲ.

ನಾನು ಕೇಳೋದು ಇಷ್ಟೇ. 2019ರ ವರದಿಯಲ್ಲಿ ಮೇಕೆದಾಟಿಗೆ ಹಾಕಿದ ಅಂದಾಜು 9,000 ಕೋಟಿ. ಅದರಲ್ಲಿ ನೂರಕ್ಕೆ ಒಂದು ಅಂದ್ರೆ 90 ಕೋಟಿ. ಅದು ಯೋಜನಾ ವೆಚ್ಚದಲ್ಲೇ ಇರಲಿ, ಮೊದಲ ಲಾರಿ ಬರೋ ಮುಂಚೆ ದಾರಿಯಲ್ಲಿರೋ ಪಂಚಾಯ್ತಿಗಳ ಖಾತೆಗೆ ಬೀಳಲಿ. ಜೊತೆಗೊಬ್ಬ ಎಂಜಿನಿಯರ್, ಒಬ್ಬ ಲೆಕ್ಕಪತ್ರದವರು. "ಪಂಚಾಯ್ತಿಗೆ ದುಡ್ಡು ಕೊಟ್ರೆ ತಿಂದು ಹಾಕ್ತಾರೆ" ಅನ್ನೋರಿಗೆ: 9,000 ಕೋಟಿಯ ಟೆಂಡರ್ ಕರೆಯೋರ ಮೇಲೆ ಮಾತ್ರ ಅಷ್ಟೊಂದು ನಂಬಿಕೆ ಹೇಗೆ ಬಂತು ನಿಮಗೆ?

ಇದು ಕನಕಪುರದ ತಲೆನೋವು ಮಾತ್ರ ಅಂತ ರಾಮನಗರ, ಚನ್ನಪಟ್ಟಣ, ಮಾಗಡಿಯವರು ಸುಮ್ಮನಿರಬೇಡಿ. ದಿನಕ್ಕೆ 600 ಟನ್ ಬೆಂಗಳೂರಿನ ಕಸ ಸುಟ್ಟು 11.5 ಮೆಗಾವ್ಯಾಟ್ ತೆಗೆಯೋಕೆ ಜಾಗ ಸಿಕ್ಕಿದ್ದು ಬಿಡದಿಯಲ್ಲಿ. ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣ ಆಯ್ತು, ಎಷ್ಟು ಬೇಗ! ಅದೇ ಜಿಲ್ಲಾ ಪಂಚಾಯ್ತಿ ಚುನಾವಣೆ ನೋಡಿ, 2016ರಲ್ಲಿ ಗೆದ್ದವರ ಅವಧಿ 2021ಕ್ಕೆ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ಆಡಳಿತ. ನಮ್ಮ ಪರವಾಗಿ ಕೇಳೋಕೆ ಅಲ್ಲಿ ಗೆದ್ದು ಕೂತವರೇ ಇರಲಿಲ್ಲ.

ಮುಂದಿನ ಗ್ರಾಮಸಭೆಗೆ ರಜ ಹಾಕಿ ಹೋಗಿ ಈ 90 ಕೋಟಿ ಲೆಕ್ಕ ಓದಿ ಹೇಳೋಣ ಅಂತಿದ್ದೀನಿ. ಆ ಕಡೆಯವರು ಯಾರಾದ್ರೂ ಇದ್ರೆ ನೀವೂ ಬನ್ನಿ.