ಹಾಡು ಸೂಪರ್ ಹಿಟ್, ಹಾಡಿದವರ ಕಥೆ?

ರಾಕ್ ಸಂಗೀತದ ಗಂಧಗಾಳಿ ಇಲ್ಲದವರಿಗೂ ಕೆಂಪು ತುಟಿ, ಹೊರಚಾಚಿದ ನಾಲಿಗೆಯ ಆ ಚಿತ್ರ ಗೊತ್ತು. ನಮ್ಮ ಕಾಲೇಜು ಕ್ಯಾಂಪಸ್‌ಗಳಲ್ಲಿ, ಫುಟ್‌ಪಾತ್ ಅಂಗಡಿಗಳ ಟಿ-ಶರ್ಟ್‌ಗಳ ಮೇಲೆ ಅದು ಈಗಲೂ ರಾರಾಜಿಸುತ್ತದೆ. ಅದು ಬ್ರಿಟನ್ನಿನ ‘ರೋಲಿಂಗ್ ಸ್ಟೋನ್ಸ್’ ತಂಡದ ಲಾಂಛನ. ಈ ತಂಡದ ಅತಿ ಪ್ರಸಿದ್ಧ ಹಾಡುಗಳಲ್ಲಿ ‘ಗಿಮ್ಮಿ ಶೆಲ್ಟರ್’ ಒಂದು. ವಿಯೆಟ್ನಾಂ ಯುದ್ಧದ ದಿನಗಳ ಭಯ, ತಲ್ಲಣವೆಲ್ಲ ತುಂಬಿಕೊಂಡಿರುವ ಈ ಹಾಡು ಬಂದಿದ್ದು 1969ರಲ್ಲಿ, ‘ಲೆಟ್ ಇಟ್ ಬ್ಲೀಡ್’ ಆಲ್ಬಮ್‌ನ ಮೊದಲ ಹಾಡಾಗಿ.

ಹಾಡಿನ ನಡುವೆ ಮುಖ್ಯ ಗಾಯಕ ಮಿಕ್ ಜಾಗರ್ ಅವರನ್ನೂ ಹಿಂದಿಕ್ಕಿ ಒಂದು ಹೆಣ್ಣುದನಿ ಮೇಲೇಳುತ್ತದೆ. ಏರುತ್ತಾ ಏರುತ್ತಾ ತುತ್ತತುದಿಯಲ್ಲಿ ಆ ದನಿ ಒಡೆಯುತ್ತದೆ. ಅದನ್ನು ಕೇಳಿ ಬೆರಗಾದ ಜಾಗರ್ ಅವರ ಉದ್ಗಾರವೂ ರೆಕಾರ್ಡ್ ಆಗಿಬಿಟ್ಟಿದೆ. ಅರ್ಧ ಶತಮಾನ ಕಳೆದರೂ ಜನ ಆ ಹಾಡಿನಲ್ಲಿ ಕಾಯುವುದು ಆ ದನಿ ಒಡೆಯುವ ಗಳಿಗೆಗೇ. ಆ ದನಿ ಮೆರಿ ಕ್ಲೇಟನ್ ಅವರದು. ಆಗ ಅವರಿಗೆ 20 ವರ್ಷ. ಅಂದರೆ ಈ ಪುಟ ಓದುತ್ತಿರುವ ನಮ್ಮಲ್ಲಿ ಅನೇಕರ ವಯಸ್ಸು.

ನಡುರಾತ್ರಿಯ ಕರೆ

ಕ್ಲೇಟನ್ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದವರು. ಚರ್ಚಿನಲ್ಲಿ ಹಾಡುತ್ತಾ ಬೆಳೆದವರು. ಹದಿಹರೆಯದಲ್ಲೇ ಸ್ಟುಡಿಯೊ ಮೆಟ್ಟಿಲು ಹತ್ತಿ, ಮುಂದೆ ರೇ ಚಾರ್ಲ್ಸ್ ಅವರಂಥ ದಿಗ್ಗಜನ ಸಹಗಾಯಕಿಯರ ತಂಡ ಸೇರಿದರು. ಅವರದು ‘ಸೆಷನ್ ಸಿಂಗರ್’ ಕೆಲಸ. ಯಾರದೋ ಹಾಡಿಗೆ ಬೇಕಾದ ದನಿ ಕೊಟ್ಟು, ಆ ದಿನದ ಸಂಭಾವನೆ ಪಡೆದು ಮನೆಗೆ ಹೋಗುವುದು. ಹಾಡು ಗೆದ್ದರೆ ಪೋಸ್ಟರ್‌ನಲ್ಲಿ ಬರುವುದು ಬೇರೆಯವರ ಮುಖ.

ಅಂದು ರಾತ್ರಿ ಲಾಸ್ ಏಂಜಲೀಸ್‌ನಲ್ಲಿ ಅವರು ಮಲಗಲು ಸಿದ್ಧರಾಗಿದ್ದರು. ತುಂಬು ಹೊಟ್ಟೆಯ ಗರ್ಭಿಣಿ. ಸಂಗೀತ ಸಂಯೋಜಕ ಜಾಕ್ ನಿಚ್ಚಿ ಫೋನ್ ಮಾಡಿ, ಇಂಗ್ಲೆಂಡಿನಿಂದ ಬಂದ ತಂಡವೊಂದಕ್ಕೆ ತುರ್ತಾಗಿ ಹೆಣ್ಣುದನಿ ಬೇಕಾಗಿದೆ ಎಂದರು. ಕ್ಲೇಟನ್‌ಗೆ ಮನಸ್ಸಿರಲಿಲ್ಲ. ಸ್ವತಃ ಸ್ಯಾಕ್ಸೊಫೋನ್ ವಾದಕರಾಗಿದ್ದ ಪತಿ ಕರ್ಟಿಸ್ ಏಮಿ ಒಪ್ಪಿಸಿದರು. ರಾತ್ರಿಯ ಉಡುಪಿನ ಮೇಲೊಂದು ಕೋಟು, ತಲೆಯಲ್ಲಿ ಕರ್ಲರ್, ಅದರ ಮೇಲೊಂದು ಸ್ಕಾರ್ಫ್. ಹಾಗೆಯೇ ಸ್ಟುಡಿಯೊಗೆ ಹೊರಟರು.

ಅಲ್ಲಿ ಅವರ ಕೈಗೆ ಬಂದದ್ದು ಹಿಂಸೆ, ಅತ್ಯಾಚಾರ, ಕೊಲೆಯ ಮಾತುಗಳಿದ್ದ ಸಾಲು. ಇದನ್ನು ತಾನೇಕೆ ಹಾಡಬೇಕು ಎಂದು ಕೇಳಿದರು. ಹಾಡಿನ ಹಿನ್ನೆಲೆ ವಿವರಿಸಿದ ಮೇಲೆ ಒಪ್ಪಿದರು. ಹೊಟ್ಟೆ ಭಾರವೆಂದು ಸ್ಟೂಲಿನ ಮೇಲೆ ಕುಳಿತೇ ಹಾಡಿದರು. ಇನ್ನೊಂದು ಟೇಕ್ ಕೊಡುತ್ತೀರಾ ಎಂದು ಕೇಳಿದಾಗ, ಇವರನ್ನೆಲ್ಲ ದಂಗುಬಡಿಸಿಯೇ ಹೋಗುತ್ತೇನೆ ಎಂಬ ಹಟದಲ್ಲಿ ಉಸಿರೆಲ್ಲ ಕೂಡಿಸಿ ಮೇಲಿನ ಸ್ಥಾಯಿಗೆ ಏರಿದರು. ಕೆಲವೇ ಟೇಕ್‌ಗಳಲ್ಲಿ ಕೆಲಸ ಮುಗಿಯಿತು. ಕ್ಲೇಟನ್ ಮನೆಗೆ ಮರಳಿದರು.

ಅದಾದ ಮೇಲೆ ಅವರ ಗರ್ಭ ನಿಲ್ಲಲಿಲ್ಲ.

ಆ ರಾತ್ರಿಯ ಶ್ರಮವೇ ಕಾರಣ ಎಂದು ಬರೆದವರು ಬಹಳ ಮಂದಿ. ಗರ್ಭಪಾತಕ್ಕೆ ನೂರು ಕಾರಣಗಳಿರುತ್ತವೆ. ಇದಕ್ಕೆ ಇದೇ ಕಾರಣ ಎಂದು ನಾವು ದೂರದಲ್ಲಿ ಕುಳಿತು ತೀರ್ಪು ಕೊಡುವುದು ಬೇಡ. ಅದು ತಮ್ಮ ಬದುಕಿನ ಕತ್ತಲ ಕಾಲವಾಗಿತ್ತು ಎಂದು ಕ್ಲೇಟನ್ ಮುಂದೆ ಸಂದರ್ಶನವೊಂದರಲ್ಲಿ ಹೇಳಿಕೊಂಡರು. ಬಹಳ ಕಾಲ ಆ ಹಾಡೆಂದರೆ ಅವರಿಗೆ ಆ ನೋವೂ ಹೌದು. ಇಷ್ಟಾದ ಮೇಲೆ ಆಲ್ಬಮ್ ಹೊರಬಂದಾಗ ಅದರ ಮೇಲೆ ಅವರ ಹೆಸರು ‘ಮೇರಿ’ ಎಂದು ತಪ್ಪಾಗಿ ಅಚ್ಚಾಗಿತ್ತು!

ಮೂವತ್ತು ಪೌಂಡಿನ ದನಿ

ಇದು ಒಬ್ಬರ ಕಥೆಯಲ್ಲ. 1973ರ ಜನವರಿಯ ಒಂದು ಭಾನುವಾರ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊದಲ್ಲಿ ಕ್ಲೇರ್ ಟೋರಿ ಎಂಬ ಗಾಯಕಿ ‘ಪಿಂಕ್ ಫ್ಲಾಯ್ಡ್’ ತಂಡಕ್ಕೆ ಹಾಡಿದರು. ಹಾಡಿಗೆ ಸಾಹಿತ್ಯವೇ ಇರಲಿಲ್ಲ. ಟೋರಿ ತಮ್ಮ ಕಂಠವನ್ನೇ ವಾದ್ಯ ಮಾಡಿಕೊಂಡು, ಅಲ್ಲೇ ಹೊಳೆದಂತೆ ಹಾಡಿ ಮುಗಿಸಿದರು. ಸಿಕ್ಕ ಸಂಭಾವನೆ 30 ಪೌಂಡ್. ಅದೂ ಭಾನುವಾರವೆಂದು ದುಪ್ಪಟ್ಟು! ಆ ಹಾಡಿದ್ದ ‘ದಿ ಡಾರ್ಕ್ ಸೈಡ್ ಆಫ್ ದ ಮೂನ್’ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಆಲ್ಬಮ್‌ಗಳಲ್ಲಿ ಒಂದಾಯಿತು. 2004ರಲ್ಲಿ ಟೋರಿ ನ್ಯಾಯಾಲಯದ ಮೊರೆ ಹೋದರು. ಸ್ವರ ಸಂಯೋಜನೆಯಲ್ಲಿ ತನ್ನ ಪಾಲೂ ಇದೆ ಎಂಬುದು ಅವರ ವಾದ. ಮರುವರ್ಷ ರಾಜಿಯಾಯಿತು. ಅಂದಿನಿಂದ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಹೆಸರಿನ ಪಕ್ಕದಲ್ಲಿ ಸಂಯೋಜಕಿಯಾಗಿ ಟೋರಿ ಹೆಸರೂ ಇದೆ. ಆ ಒಂದು ಹೆಸರು ಬರಲು ಮೂರು ದಶಕ ಬೇಕಾಯಿತು.

ನಮ್ಮ ಕಾನೂನು ಏನು ಹೇಳುತ್ತದೆ?

ನಮ್ಮಲ್ಲಿ ಏನು ಕಡಿಮೆ? ನಮ್ಮ ಸಿನಿಮಾ ಹಾಡುಗಳ ಹಿಂದೆಯೂ ಕೋರಸ್ ಗಾಯಕರಿದ್ದಾರೆ, ಟ್ರ್ಯಾಕ್ ಹಾಡುವವರಿದ್ದಾರೆ. ಸ್ಟಾರ್ ಗಾಯಕ ಬಂದು ಹಾಡುವ ಮೊದಲು ಆ ಹಾಡಿಗೆ ದಾರಿ ಹಾಕಿಕೊಟ್ಟವರ ಹೆಸರು ಕೇಳುಗರನ್ನು ತಲುಪುವುದೇ ಅಪರೂಪ.

2012ರಲ್ಲಿ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಯಿತು. ಪ್ರದರ್ಶನವನ್ನು ವಾಣಿಜ್ಯ ಉದ್ದೇಶಕ್ಕೆ ಬಳಸಿದರೆ ಕಲಾವಿದರಿಗೆ ರಾಯಲ್ಟಿ ಹಕ್ಕು ಇದೆ ಎಂದು ಅದು ಹೇಳಿತು. ಇದು ತಮ್ಮದೇ ಪ್ರದರ್ಶನ ಎಂದು ಗುರುತಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿತು. ಆದರೆ ಅದರಲ್ಲೇ ಒಂದು ಕೊಕ್ಕೆಯಿದೆ. ಸಿನಿಮಾದಲ್ಲಿ ಒಬ್ಬರ ಕೆಲಸ ಪ್ರಾಸಂಗಿಕವಾದದ್ದು, ರೂಢಿಯಂತೆ ಅಂಥವರ ಹೆಸರನ್ನು ಎಲ್ಲಿಯೂ ಹಾಕುವುದಿಲ್ಲ ಎಂದಾದರೆ, ಬಹುಮಟ್ಟಿಗೆ ಅವರನ್ನು ‘ಪ್ರದರ್ಶಕ’ ಎಂದು ಪರಿಗಣಿಸುವುದೇ ಇಲ್ಲ. ಹೆಸರು ಅಂದರೆ ಬರೀ ಪ್ರತಿಷ್ಠೆಯ ಮಾತಲ್ಲ, ಹಣದ ಹಕ್ಕಿಗೂ ಅದೇ ಬಾಗಿಲಾಗಬಹುದು ಎಂಬುದು ಇದರಿಂದ ಅರ್ಥವಾಗುತ್ತದೆ.

ಕೇಳುವುದು ಸೊಕ್ಕಲ್ಲ

ಈ ಮಾತು ಗಾಯಕರಿಗಷ್ಟೇ ಅನ್ವಯಿಸುವುದಿಲ್ಲ. ಓದು ಮುಗಿಸಿ ಕೆಲಸ ಹುಡುಕುವ ನಮ್ಮೆಲ್ಲರ ಕಿವಿಗೂ ಬೀಳುವ ಮಾತುಗಳು ಕೆಲವಿವೆ. ‘ಮೊದಲು ಅವಕಾಶ ಸಿಗಲಿ, ದುಡ್ಡು ಆಮೇಲೆ ನೋಡೋಣ’, ‘ಎಕ್ಸ್‌ಪೋಷರ್ ಸಿಗುತ್ತಲ್ಲ’, ‘ಇವತ್ತೊಂದು ರಾತ್ರಿ ಅಡ್ಜಸ್ಟ್ ಮಾಡ್ಕೊಳ್ಳಿ’. ಸಂಬಳವಿಲ್ಲದ ಇಂಟರ್ನ್‌ಶಿಪ್, ಹೆಸರು ಹಾಕದ ವಿಡಿಯೊ ಎಡಿಟಿಂಗ್, ಬೇರೆಯವರ ಹೆಸರಲ್ಲಿ ಹೋಗುವ ಪ್ರಾಜೆಕ್ಟ್ ರಿಪೋರ್ಟ್. ಮಾತು ಬೇರೆ ಬೇರೆ, ಹಣೆಬರಹ ಒಂದೇ.

‘ಕ್ಲೇಟನ್‌ಗೆ ಯಾರೂ ಬಲವಂತ ಮಾಡಿರಲಿಲ್ಲ, ಅವರಾಗಿಯೇ ಹೋದರು’ ಎನ್ನಬಹುದು. ನಿಜ. ತಮ್ಮ ಕೆಲಸದ ಬಗ್ಗೆ ಅವರಿಗೆ ಹೆಮ್ಮೆಯೂ ಇತ್ತು. ಮರುವರ್ಷವೇ ಅದೇ ಹಾಡನ್ನು ತಮ್ಮ ಸ್ವಂತ ಆಲ್ಬಮ್‌ಗೂ ಹಾಡಿದರು. ಅವರನ್ನು ‘ಪಾಪ’ ಎನ್ನುವುದು ಅವರಿಗೆ ಅವಮಾನ. ಆದರೆ ದಿನದ ದುಡಿಮೆ ನಂಬಿದವರಿಗೆ ‘ಬೇಡ’ ಎನ್ನುವುದು ಸುಲಭವಲ್ಲ. ಇವತ್ತು ಬರಲ್ಲ ಎಂದರೆ ನಾಳೆ ಕರೆಯುತ್ತಾರೋ ಇಲ್ಲವೋ ಎಂಬ ಅಳುಕು ನಮ್ಮಲ್ಲಿ ಯಾರಿಗಿಲ್ಲ? ಆದ್ದರಿಂದ ಕರೆಯುವವರ ಹೊಣೆ ಹೆಚ್ಚು. ಬರುವವರ ಸ್ಥಿತಿ ಏನು, ಈ ಹೊತ್ತಿನಲ್ಲಿ ಕರೆಯಲೇಬೇಕೆ, ನಾಳೆಗೆ ಆಗದೇ? ಇಷ್ಟು ಯೋಚಿಸಲು ಯಾವ ಕಾನೂನೂ ಬೇಕಿಲ್ಲ.

ನಾವು ಮಾಡಬಹುದಾದದ್ದೂ ಇದೆ. ಕೆಲಸ ಒಪ್ಪುವ ಮುನ್ನ ಮೂರು ಪ್ರಶ್ನೆ ಕೇಳಬೇಕು. ಎಷ್ಟು ಕೊಡುತ್ತೀರಿ? ಯಾವಾಗ ಕೊಡುತ್ತೀರಿ? ನನ್ನ ಹೆಸರು ಎಲ್ಲಿ ಬರುತ್ತದೆ? ಉತ್ತರ ಬಾಯಿಮಾತಲ್ಲಿ ಮುಗಿಯದೆ ಒಂದು ಇ-ಮೇಲ್‌ನಲ್ಲಾದರೂ ಇರಲಿ. ಹೀಗೆ ಕೇಳುವುದು ಸೊಕ್ಕಲ್ಲ. ದೇಹ ಆಗುವುದಿಲ್ಲ ಎಂದಾಗ ‘ಇವತ್ತು ಆಗಲ್ಲ’ ಎನ್ನುವುದು ಸೋಮಾರಿತನವೂ ಅಲ್ಲ. ಹಾಗೆಯೇ ನಾಳೆ ನಾವು ನಾಲ್ಕು ಜನರಿಗೆ ಕೆಲಸ ಹೇಳುವ ಸ್ಥಾನಕ್ಕೆ ಬಂದಾಗ, ಈ ಪ್ರಶ್ನೆಗಳನ್ನು ಅವರು ಕೇಳುವ ಮೊದಲೇ ಉತ್ತರಿಸಬೇಕು.

ಕ್ಲೇಟನ್ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಹಿನ್ನೆಲೆ ಗಾಯಕರ ಬದುಕಿನ ಬಗ್ಗೆ 2013ರಲ್ಲಿ ಬಂದ ‘20 ಫೀಟ್ ಫ್ರಮ್ ಸ್ಟಾರ್‌ಡಮ್’ ಸಾಕ್ಷ್ಯಚಿತ್ರ ಅವರನ್ನು ಹೊಸ ಪೀಳಿಗೆಗೆ ಪರಿಚಯಿಸಿತು. ಅದಕ್ಕೆ ಆಸ್ಕರ್ ಕೂಡ ಬಂತು. ಆದರೆ 2014ರಲ್ಲಿ ಕಾರು ಅಪಘಾತವಾಗಿ ಅವರು ಎರಡೂ ಕಾಲು ಕಳೆದುಕೊಂಡರು. ವೈದ್ಯರು ವಿಷಯ ತಿಳಿಸಿದಾಗ ಅವರು ಕೇಳಿದ್ದು ತಮ್ಮ ದನಿಗೆ ಏನಾದರೂ ಆಗಿದೆಯೇ ಎಂದು. ಏನೂ ಆಗಿರಲಿಲ್ಲ. 2021ರಲ್ಲಿ, 72ನೇ ವಯಸ್ಸಿನಲ್ಲಿ, ಅವರ ಹೊಸ ಆಲ್ಬಮ್ ಬಂತು. ಅದರ ಹೆಸರು ‘ಬ್ಯೂಟಿಫುಲ್ ಸ್ಕಾರ್ಸ್’, ಅಂದರೆ ಚೆಂದದ ಗಾಯದ ಕಲೆಗಳು.

ಇನ್ನು ಮುಂದೆ ಯಾವ ಹಾಡು ಇಷ್ಟವಾದರೂ ಅದರ ಕೆಳಗಿರುವ ಹೆಸರುಗಳ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ಹಾಡಿದವರು, ನುಡಿಸಿದವರು, ದನಿಗೂಡಿಸಿದವರು. ಪಟ್ಟಿಯೇ ಇಲ್ಲದಿದ್ದರೆ ಕಾಮೆಂಟ್ ಹಾಕಿ ಕೇಳಿ. ಅವರ ಹೆಸರನ್ನು ಇಂದು ಕೇಳುವ ಅಭ್ಯಾಸವಾದರೆ, ನಾಳೆ ನಮ್ಮ ಹೆಸರನ್ನು ಕೇಳಿ ಪಡೆಯುವ ಧೈರ್ಯವೂ ಬಂದೀತು.